ಒಂದು ವಿಳಾಸದಲ್ಲಿ ಎಂಟುನೂರ ನಲವತ್ತು ಮನೆ

ದೆಹಲಿ
೪ ನವೆಂಬರ್ ೨೦೨೪

ಮಮತಾ,

ನಿನ್ನೆ ಫೋನಿನಲ್ಲಿ ನಿನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದಕ್ಕೆ ಮುಖ ಊದಿಸಿಕೊಂಡಿರುತ್ತೀಯ ಎಂದು ಗೊತ್ತು. ಮೊದಲು ಕಾರಣ ಕೇಳು, ಆಮೇಲೆ ಬೈ.

ಇಂಟರ್ನೆಟ್ಟಿನಲ್ಲಿ ಒಂದೊಂದು ಮನೆಯನ್ನು ಗುರುತಿಸುವ ಹಳೆಯ ವಿಳಾಸಗಳು ಖಾಲಿಯಾಗಿ ಎಷ್ಟೋ ವರ್ಷವಾಯಿತು. ಎಷ್ಟು ಕೊಟ್ಟರೂ ಮುಗಿಯದ ಹೊಸ ಬಗೆಯ ವಿಳಾಸಗಳು ಬಂದಿವೆ. ಫೋನ್ ಕಂಪನಿಗಳು ಬಹಳ ಮಟ್ಟಿಗೆ ಅವುಗಳಿಗೆ ಬದಲಾಗಿವೆ. ನಿನ್ನಂಥ ಊರೂರಿನ ಕೇಬಲ್‌ನವರು ಮಾತ್ರ ಕದಲಿಲ್ಲ. ಕದಲಿಸಲು ಸರ್ಕಾರ ಏನು ಮಾಡಬೇಕು ಎಂದು ಹೇಳಲು ಒಂದು ಸಮಿತಿಯಾಗಿದೆ, ಅದರ ಟಿಪ್ಪಣಿ ಬರೆಯುವವಳು ನಾನು! ಹೊಳಲ್ಕೆರೆಯ ದೇವಿಕಾ! ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಆದರೆ ನೀನು ಇಂಟರ್ನೆಟ್ ಕೊಡುವವಳು, ನಾನು ನಿಯಮ ಬರೆಯುವವಳು. ಇದನ್ನು ನಾವು ಫೋನಿನಲ್ಲಿ ಮಾತಾಡಿದರೆ ಒಳಒಪ್ಪಂದ ಎನ್ನುತ್ತಾರೆ. ಕಾಗದದಲ್ಲಿ ಬರೆದರೆ ಅದಕ್ಕೆ ಸಂಖ್ಯೆ ಬಿದ್ದು ಫೈಲಿಗೆ ಸೇರುತ್ತದೆ, ಸಮಿತಿಯ ಯಾರೂ ಅದನ್ನು ಓದಿಲ್ಲ ಎನ್ನುವಂತಿಲ್ಲ. ಹಾಗಾಗಿ ಈ ವಿಷಯ ಮಾತ್ರ ಕಾಗದದಲ್ಲಿ. ಹಾಸ್ಟೆಲಿನ ಕಥೆಗಳನ್ನು ಬರೆಯುವುದಾದರೆ ಬೇರೆ ಹಾಳೆಯಲ್ಲಿ ಬರಿ, ಮಾರಾಯ್ತಿ. ಅವಕ್ಕೂ ಸಂಖ್ಯೆ ಬಿದ್ದರೆ ನನ್ನ ಗತಿ ಮುಗಿಯಿತು.

ದಾರಿ ಕಾಯುತ್ತಿರುವ,
ದೇವಿಕಾ

*

ಹೊಸದುರ್ಗ
೧೨ ನವೆಂಬರ್ ೨೦೨೪

ದೇವಿಕಾ,

ಕಾಗದ ಬರೆಯದೆ ಹದಿನೈದು ವರ್ಷವಾಗಿತ್ತು ಕಣೇ. ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಎಂದರೆ ಅಲ್ಲಿನ ಅಕ್ಕ ಪಾಪ ಎನ್ನುವಂತೆ ನೋಡಿ, "ಕೋರ್ಟ್ ಕೇಸೇನವ್ವ?" ಅಂದಳು.

ಹಾಸ್ಟೆಲಿನ ಕಥೆ ಬೇಡ ಅಂದೆಯಲ್ಲ, ಅದನ್ನೇ ಬರೆಯುತ್ತೇನೆ, ಫೈಲಿಗೇ ಹೋಗಲಿ. ಚಿತ್ರದುರ್ಗದಲ್ಲಿ ನಾವಿದ್ದ ಹಾಸ್ಟೆಲಿನಲ್ಲಿ ನೂರು ಹುಡುಗಿಯರಿಗೆ ಒಂದೇ ವಿಳಾಸವಿತ್ತು. ಯಾರೋ ಒಬ್ಬಳಿಗೆ ಗುಲಾಬಿ ಬಣ್ಣದ ಕವರ್ ಬಂತೆಂದು ವಾರ್ಡನ್ ಎಲ್ಲರ ಕಾಗದಗಳನ್ನೂ ಒಂದು ವಾರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಬ್ಬಕ್ಕೆ ಬಾ ಎಂದು ನಮ್ಮಪ್ಪ ಬರೆಸಿದ ಕಾಗದ ನನಗೆ ಸಿಕ್ಕಿದ್ದು ಹಬ್ಬ ಮುಗಿದ ಮೇಲೆ.

ನನ್ನ ಇಂಟರ್ನೆಟ್ಟಿನ ಕಥೆಯೂ ಅದೇ. ಮೇಲಿನ ಕಂಪನಿ ನನಗೆ ಕೊಟ್ಟಿರುವುದು ಒಂದೇ ಹಳೆಯ ವಿಳಾಸ. ಅದರ ಹಿಂದೆ ಈಗ ಎಂಟುನೂರ ನಲವತ್ತು ಮನೆ. ಹೋದ ವರ್ಷ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುವ ನೋಂದಣಿ ಶುರುವಾದಾಗ ಆಗ ಇದ್ದ ಮನೆಯವರೆಲ್ಲ ಒಟ್ಟಿಗೆ ಆ ತಾಣಕ್ಕೆ ಹೋದರು. ಅದಕ್ಕೆ ಕಂಡದ್ದು ಒಂದೇ ವಿಳಾಸ. ಯಾರೋ ಒಬ್ಬನೇ ಸಾವಿರ ಸಲ ಬಾಗಿಲು ಬಡಿಯುತ್ತಿದ್ದಾನೆ ಎಂದುಕೊಂಡು ನಮ್ಮೆಲ್ಲರಿಗೂ ಬಾಗಿಲು ಹಾಕಿತು. ಜನ ನನ್ನ ಅಂಗಡಿಯ ಮುಂದೆ ಬಸ್ ನಿಲ್ದಾಣದವರೆಗೆ ಸಾಲು ನಿಂತರು. ನನ್ನ ಸ್ವಂತ ಫೋನಿನಿಂದ ಒಬ್ಬೊಬ್ಬರದಾಗಿ ಮೂರು ದಿನ ನೋಂದಾಯಿಸಿ ಕೊಟ್ಟೆ. ಮೂರನೆಯ ದಿನ ಎಪ್ಪತ್ತು ಮನೆಯವರು ನನ್ನ ಕೇಬಲ್ ಕಿತ್ತು ದೊಡ್ಡ ಕಂಪನಿಗೆ ಹೋದರು. ಬೈಯದೆ ಹೋದರಲ್ಲ, ಅದೇ ಹೆಚ್ಚು ನೋವಾಯಿತು.

ಮನೆಗೊಂದು ವಿಳಾಸ ಸಿಗುತ್ತದೆ ಅಂದರೆ ನಾನು ಕುಣಿಯುವುದೊಂದು ಬಾಕಿ. ಏನು ಮಾಡಬೇಕು ಹೇಳು, ನಾಳೆಯೇ ಮಾಡುತ್ತೇನೆ.

ಮಮತಾ

*

ದೆಹಲಿ
೨೫ ನವೆಂಬರ್ ೨೦೨೪

ಮಮತಾ,

ನಿನ್ನ ಕಾಗದಕ್ಕೆ ನಲವತ್ತೊಂದನೆಯ ಸಂಖ್ಯೆ. ವಾರ್ಡನ್ ಕಥೆಯನ್ನು ಅಧ್ಯಕ್ಷರೇ ಇಂಗ್ಲಿಷಿಗೆ ಮಾಡಿಸಿಕೊಂಡು ಓದಿ ನಕ್ಕರಂತೆ. ಇಷ್ಟು ದಿನ ನಲವತ್ತು ಪುಟ ಬರೆದರೂ ಅವರಿಗೆ ಅರ್ಥವಾಗದ್ದು ನಿನ್ನ ಗುಲಾಬಿ ಕವರಿನಿಂದ ಅರ್ಥವಾಯಿತು!

ನಮ್ಮ ಮುಂದೆ ನಾಲ್ಕು ದಾರಿಗಳಿವೆ. ಇಂಥ ದಿನದೊಳಗೆ ಬದಲಾಗದಿದ್ದರೆ ಪರವಾನಗಿ ರದ್ದು ಎಂದು ಆಜ್ಞೆ ಮಾಡುವುದು ಒಂದು. ಹಣದ ನೆರವು ಕೊಡುವುದು ಇನ್ನೊಂದು. ಸರ್ಕಾರ ತನ್ನ ತಾಣಗಳನ್ನೇ ಮೊದಲು ಬದಲಿಸಿ, ಹೊಸ ವಿಳಾಸ ತಿಳಿಯುವ ಉಪಕರಣಗಳನ್ನಷ್ಟೇ ಕೊಳ್ಳುವುದು ಮೂರನೆಯದು. ಬರೀ ತರಬೇತಿ ಕೊಟ್ಟು ಸುಮ್ಮನಿರುವುದು ಕೊನೆಯದು. ನನ್ನ ಮನಸ್ಸು ಮೊದಲನೆಯದರ ಮೇಲಿದೆ. ಇಲ್ಲಿಯವರೆಗೆ ಎಷ್ಟು ಗಡುವು ಬಂದು ಹೋದವು ಎಂದು ನನಗೆ ಗೊತ್ತು. ಹೆದರಿಸದೆ ಯಾರೂ ಏಳುವುದಿಲ್ಲ.

ಆದರೆ ಸಣ್ಣ ಊರಿನವರಿಗೆ ಇದು ಆಗದ ಕೆಲಸ ಎಂದು ಇಬ್ಬರು ಸದಸ್ಯರು ಹಟ ಹಿಡಿದಿದ್ದಾರೆ. ಎಷ್ಟು ದಿನ ಹಿಡಿಯುತ್ತದೆ? ನೀನು ಒಬ್ಬಳು ಮಾಡಿ ತೋರಿಸಿದರೆ ಅವರ ಬಾಯಿ ಮುಚ್ಚುತ್ತದೆ.

ದೇವಿಕಾ

*

ಹೊಸದುರ್ಗ
೪ ಡಿಸೆಂಬರ್ ೨೦೨೪

ದೇವಿಕಾ,

ಎಷ್ಟು ದಿನ ಅಂದೆಯಾ? ಒಂದು ದಿನ!

ನಾವು ಕುರಿ ಸಾಕುವ ಜನ. ಉಣ್ಣೆ ಕತ್ತರಿಸುವ ದಿನ ಹೇಗಿರುತ್ತದೆ ಎಂದು ನೀನು ನಮ್ಮ ಮನೆಗೆ ಬಂದಾಗ ನೋಡಿದ್ದೀಯ. ಕರೆ ಕಳಿಸಿದರೆ ಸಾಕು, ಸುತ್ತಲ ನೆಂಟರೆಲ್ಲ ಕತ್ತರಿ ಹಿಡಿದು ಬೆಳಗ್ಗೆಯೇ ಬರುತ್ತಾರೆ. ಯಾರೂ ಕೂಲಿ ಕೇಳುವುದಿಲ್ಲ. ನಾಳೆ ಅವರ ಮಂದೆಗೆ ನಾವು ಹೋಗುತ್ತೇವೆ. ಸಂಜೆ ಊಟದ ಹೊತ್ತಿಗೆ ಮುನ್ನೂರು ಕುರಿ ನುಣ್ಣಗಾಗಿರುತ್ತವೆ.

ಅದನ್ನೇ ಮಾಡುತ್ತಿದ್ದೇನೆ. ಹಿರಿಯೂರಿನಲ್ಲಿ ಕೇಬಲ್ ನಡೆಸುವ ಮಲ್ಲೇಶ್, ಹೊಳಲ್ಕೆರೆಯ ಗಿರೀಶ್, ಇಬ್ಬರೂ ತಮ್ಮ ಜನರನ್ನು ಕರೆದುಕೊಂಡು ಬರುತ್ತಾರೆ. ಮುಂದೆ ಅವರ ಊರಿಗೆ ನಮ್ಮವರು. ಮನೆ ಮನೆಗೆ ಹೋಗಿ ಇಂಟರ್ನೆಟ್ಟಿನ ಬಾಕ್ಸಿನಲ್ಲಿ ಹಳೆಯ ವಿಳಾಸ ತೆಗೆಯುವುದು, ಹೊಸದು ಹಾಕುವುದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋಣ ಎಂದು ಮಲ್ಲೇಶ್ ಗೊಣಗಿದ. "ಅರ್ಧ ಕುರಿ ಕತ್ತರಿಸಿ ಅರ್ಧ ಬಿಡ್ತೀಯೇನೋ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದೆ.

ಡಿಸೆಂಬರ್ ಹದಿನೈದು, ಭಾನುವಾರ. ಬೇಕೆಂದೇ ಆ ದಿನ ಆರಿಸಿದೆ. ರಾಗಿ ನೋಂದಣಿಗೆ ಅದೇ ಕೊನೆಯ ದಿನ. ಹೋದ ವರ್ಷ ನನ್ನನ್ನು ಬಿಟ್ಟು ಹೋದವರ ಎದುರಿಗೇ, ಈ ವರ್ಷ ಎಲ್ಲರೂ ಅವರವರ ಮನೆಯಲ್ಲಿ ಕೂತು ನೋಂದಾಯಿಸಬೇಕು. ನನ್ನ ಅಂಗಡಿ ಮುಂದೆ ಒಂದು ನರಪಿಳ್ಳೆಯೂ ಇರಬಾರದು.

ಮಮತಾ

*

ಹೊಸದುರ್ಗ
೧೭ ಡಿಸೆಂಬರ್ ೨೦೨೪

ದೇವಿಕಾ,

ಆಯಿತು!

ಬೆಳಗ್ಗೆ ಏಳಕ್ಕೆ ಇಪ್ಪತ್ತೆರಡು ಜನ ಸೇರಿದೆವು. ಸಂಜೆ ಐದಕ್ಕೆ ಎಂಟುನೂರ ನಲವತ್ತನೆಯ ಬಾಕ್ಸು ಮುಗಿಯಿತು. ಮುದ್ದೆ, ಹುರುಳಿಕಟ್ಟಿನ ಸಾರು, ಶ್ಯಾವಿಗೆ ಪಾಯಸ. ಗಿರೀಶ್ ನಾಲ್ಕು ಸಲ ಪಾಯಸ ಹಾಕಿಸಿಕೊಂಡ. ಮಧ್ಯೆ ಎಲ್ಲೋ ಜೆಸಿಬಿಯವರು ಕೇಬಲ್ ಕಿತ್ತು ಸ್ವಲ್ಪ ತೊಂದರೆಯಾಯಿತು, ಅದು ದಿನಾ ಇರುವುದೇ. ನಿನ್ನ ಆ ಇಬ್ಬರು ಸದಸ್ಯರಿಗೆ ಹೇಳು, ಹೊಸದುರ್ಗದಲ್ಲಿ ಒಂದೇ ದಿನದಲ್ಲಿ ಆಯಿತು ಎಂದು.

ಕೆಲಸ ಬಹಳ ಇದೆ. ಇಷ್ಟೇ.

ಮಮತಾ

*

ದೆಹಲಿ
೨ ಜನವರಿ ೨೦೨೫

ನನ್ನ ಹುಲಿಯೇ,

ನಿನ್ನ ಕಾಗದ ಓದಿ ಕಚೇರಿಯಲ್ಲೇ ಜೋರಾಗಿ ಕೂಗಿಬಿಟ್ಟೆ. ಪಕ್ಕದ ಕೋಣೆಯವರು ಏನಾಯಿತೆಂದು ಓಡಿ ಬಂದರು. ಒಂದು ದಿನ! ಇಪ್ಪತ್ತೆರಡು ಜನ! ಸರ್ಕಾರದ ಒಂದು ರೂಪಾಯಿಯೂ ಇಲ್ಲದೆ!

ಟಿಪ್ಪಣಿಯ ಮೊದಲ ಪುಟಕ್ಕೇ ನಿನ್ನ ಊರನ್ನು ಹಾಕಿದ್ದೇನೆ. ಸಣ್ಣ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಒಂದು ದಿನದಲ್ಲಿ ಮಾಡಿದ್ದನ್ನು ದೇಶದ ಉಳಿದವರು ಆರು ತಿಂಗಳಲ್ಲಿ ಮಾಡಲಾರರೇ ಎಂದು ಬರೆದಿದ್ದೇನೆ. ಆರು ತಿಂಗಳ ಗಡುವು, ಹಣದ ನೆರವು ಬೇಡ, ತಪ್ಪಿದವರ ಪರವಾನಗಿ ರದ್ದು. ಬೇಡ ಎನ್ನುತ್ತಿದ್ದ ಇಬ್ಬರೂ ಈಗ ಸುಮ್ಮನಾಗಿದ್ದಾರೆ. ಫೆಬ್ರುವರಿ ಹನ್ನೆರಡಕ್ಕೆ ಕೊನೆಯ ಸಭೆ. ಅಂದು ಸಹಿ ಬಿದ್ದರೆ ಮುಗಿಯಿತು.

ರಾಗಿ ನೋಂದಣಿ ಹೇಗಾಯಿತು ಎಂದು ನೀನು ಬರೆಯಲೇ ಇಲ್ಲ. ಅದನ್ನೂ ಸೇರಿಸಬೇಕು, ಬೇಗ ಬರಿ.

ದೇವಿಕಾ

*

ದೆಹಲಿ
೨೦ ಜನವರಿ ೨೦೨೫

ಮಮತಾ,

ಉತ್ತರವಿಲ್ಲ. ಫೋನೂ ಎತ್ತುತ್ತಿಲ್ಲ. ಮೊದಲ ಪುಟದಲ್ಲಿ ಹೆಸರು ಬಂತೆಂದು ದೊಡ್ಡ ಮನುಷ್ಯಳಾಗಿಬಿಟ್ಟೆಯಾ? ಅಥವಾ ಆವತ್ತು ನಾನು ನಿನ್ನ ಮಾತು ತುಂಡರಿಸಿದ ಸಿಟ್ಟು ಇನ್ನೂ ಇಳಿದಿಲ್ಲವಾ? ಇದ್ದರೆ ಬಿಡೇ, ತಪ್ಪಾಯಿತು.

ಆ ಇಬ್ಬರು ಸದಸ್ಯರು ಹೊಸದುರ್ಗಕ್ಕೆ ಬಂದು ನಿನ್ನ ಕೆಲಸ ನೋಡುತ್ತಾರಂತೆ. ಬಾಗಿಲಿಗೆ ತೋರಣ ಕಟ್ಟಿಸಿಟ್ಟಿರು!

ದೇವಿಕಾ

*

ಹೊಸದುರ್ಗ
೨೭ ಜನವರಿ ೨೦೨೫

ದೇವಿಕಾ,

ಈ ಕಾಗದಕ್ಕೂ ಸಂಖ್ಯೆ ಹಾಕಿಸು. ನನ್ನ ಹೆಸರನ್ನು ಅಳಿಸಬೇಡ.

ಹದಿನೈದನೆಯ ತಾರೀಖು ಎಂಟುನೂರ ನಲವತ್ತು ಬಾಕ್ಸು ಬದಲಿಸಿದ್ದು ನಿಜ. ಕೊನೆಯ ಬಾಕ್ಸು ಮುಗಿದ ಮೇಲೆ ಹಳೆಯ ದಾರಿಯನ್ನು ಅಂಗಡಿಯಿಂದ ಒಟ್ಟಿಗೇ ಮುಚ್ಚಿದೆ, ಊಟಕ್ಕೆ ಕೂತಾಗ ಫೋನುಗಳು ಶುರುವಾದವು. ಮುನ್ನೂರ ಹತ್ತು ಮನೆಗಳ ಬಾಕ್ಸು ಬಹಳ ಹಳೆಯವು, ಹೊಸ ವಿಳಾಸ ಎಂದರೇನು ಎಂದೇ ಅವಕ್ಕೆ ತಿಳಿಯದು. ಅಲ್ಲೆಲ್ಲ ಇಂಟರ್ನೆಟ್ ಪೂರ್ತಿ ನಿಂತಿತ್ತು. ಉಳಿದ ಮನೆಗಳಲ್ಲಿ ಸಿನಿಮಾ ಬರುತ್ತಿತ್ತು, ವಿಡಿಯೋ ಬರುತ್ತಿತ್ತು, ರಾಗಿ ನೋಂದಣಿಯ ತಾಣ ಮಾತ್ರ ಬರುತ್ತಿರಲಿಲ್ಲ. ಯಾಕೆ ಗೊತ್ತಾ? ಆ ತಾಣಕ್ಕೇ ಹೊಸ ವಿಳಾಸ ಇಲ್ಲ! ಹಳೆಯದರಲ್ಲೇ ಕೂತಿದೆ. ನಾನು ಹಳೆಯ ದಾರಿಯನ್ನು ಕಿತ್ತುಹಾಕಿದ್ದೆ, ಹೊಸ ದಾರಿಯಲ್ಲಿ ಹೋದರೆ ಅಲ್ಲಿ ಮನೆಯೇ ಇಲ್ಲ. ಮತ್ತೆ ಮನೆ ಮನೆಗೆ ಹೋಗಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸುವ ಹೊತ್ತಿಗೆ ಸೋಮವಾರ ಮಧ್ಯಾಹ್ನ. ನೋಂದಣಿ ಭಾನುವಾರವೇ ಮುಗಿದಿತ್ತು.

ಬಹಳ ಜನ ಮೊದಲೇ ಮಾಡಿಸಿದ್ದರು, ಕೆಲವರು ಫೋನಿನಲ್ಲಿ ಮಾಡಿಕೊಂಡರು. ಗುಡ್ಡದ ಹಿಂದಿನ ಹಳ್ಳಿಯ ಮೂರ್ತಪ್ಪನವರಿಗೆ ಆಗಲಿಲ್ಲ. ಅಲ್ಲಿ ಫೋನಿನ ಸಿಗ್ನಲ್ ಬರುವುದಿಲ್ಲ, ನನ್ನ ಕೇಬಲ್ ಒಂದೇ ಗತಿ. ಮೂರು ಎಕರೆ ರಾಗಿಯನ್ನು ಅವರು ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬಂದರು. ನಾನು ಊರಿಗೆಲ್ಲ ಏನು ಹೇಳಿದೆ? ಜೆಸಿಬಿ ಕೇಬಲ್ ಕಿತ್ತಿತು ಅಂದೆ. ನಿನಗೂ ಅದನ್ನೇ ಬರೆದೆ. ಆವತ್ತು ಹೊಸದುರ್ಗದಲ್ಲಿ ಯಾವ ಜೆಸಿಬಿಯೂ ನೆಲ ಮುಟ್ಟಿರಲಿಲ್ಲ.

ನಿನ್ನ ಜನವರಿಯ ಕಾಗದ ಓದಿ ನನಗೆ ಊಟ ಸೇರಲಿಲ್ಲ. ನನ್ನ ಸುಳ್ಳಿನಿಂದ ಮಲ್ಲೇಶ್, ಗಿರೀಶ್, ದೇಶದ ನನ್ನಂಥ ಎಷ್ಟೋ ಜನ ಅಂಗಡಿ ಮುಚ್ಚಬೇಕಾಗುತ್ತದೆ. ಅವರನ್ನು ನಂಬಿದ ಮನೆಗಳಲ್ಲಿ ಎಷ್ಟು ಮೂರ್ತಪ್ಪಂದಿರು ಇದ್ದಾರೋ! ಆದರೂ ಬರೆಯಲು ಕೈ ಬರಲಿಲ್ಲ. ಇದು ಫೈಲಿಗೆ ಹೋದರೆ ಊರಿಗೂ ಗೊತ್ತಾಗುತ್ತದೆ, ಉಳಿದ ಮನೆಗಳೂ ಹೋಗುತ್ತವೆ ಎಂಬ ಹೆದರಿಕೆ.

ಕೊನೆಗೆ ಅಪ್ಪನಿಗೆ ಹೇಳಿದೆ. ನಮ್ಮಪ್ಪ ತಿಮ್ಮರಾಯಪ್ಪನಿಗೆ ಇಂಟರ್ನೆಟ್ ಅಂದರೆ ಟಿವಿಯ ತಮ್ಮ. ಪೂರ್ತಿ ಕೇಳಿಸಿಕೊಂಡು ಹೇಳಿದ:

"ಉಣ್ಣೆ ಕತ್ತರಿಸೋದು ಒಂದಿನದ ಕೆಲ್ಸ ಕಣವ್ವ, ತಪ್ಪಾದ್ರೂ ತಿರುಗಿ ಬೆಳೀತೈತೆ. ನೀನು ಮಾಡಾಕೆ ಹೋಗಿದ್ದು ಯಾರ ಕುರಿ ಅಂತ ಕಿವಿ ಕುಯ್ದು ಹಾಕೋ ಗುರುತಿನ ಕೆಲ್ಸ. ನಮ್ಮಣ್ಣ ನಾನು ಪಾಲಾದಾಗ ಹೊಸ ಗುರುತು ಇಟ್ಕಂಡೆನಲ್ಲ, ಹಳೇ ಕುರಿ ಕಿವಿನೆಲ್ಲಾ ಕುಯ್ದ್ನೇನು? ಹುಟ್ಟೋ ಮರಿಗೆ ಹಾಕ್ತಾ ಬಂದೆ. ಹಳೇವು ಹಳೇ ಗುರುತಲ್ಲೇ ಮೇಯ್ಕಂಡಿದ್ವು. ನಾಕೈದು ವರ್ಷಕ್ಕೆ ಮಂದೆನೆಲ್ಲಾ ಹೊಸ ಗುರುತೇ ಆತು. ಒಂದು ಕುರಿನೂ ನೋವು ತಿನ್ನಲಿಲ್ಲ."

ಹುಟ್ಟಿದಾಗಿನಿಂದ ಎರಡೂ ಕೆಲಸ ನೋಡಿದ್ದೇನೆ ಕಣೇ. ಯಾವುದಕ್ಕೆ ಯಾವುದು ಎಂದು ಹೊಳೆಯಲಿಲ್ಲವಲ್ಲ!

ಇದನ್ನು ನಿನಗೆ ಬರೆಯುವ ಮೊದಲು ಮೂರ್ತಪ್ಪನವರಿಗೆ ಹೇಳಬೇಕಿತ್ತು. ನಿನ್ನೆ ಅಂಗಡಿಗೆ ಕರೆಸಿ, ಚಾ ತರಿಸಿ ಎಲ್ಲ ಹೇಳಿದೆ. ಅವರು ಚಾ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮನೇಲಿ ಸಿನಿಮಾ ಬರ್ತಿತ್ತಲ್ಲ, ಅದ್ಕೆ ನಾನೇ ಎಲ್ಲೋ ತಪ್ಪು ಒತ್ತಿದೆ ಅಂದ್ಕಂಡಿದ್ದೆ ಕಣವ್ವ. ಮನೇಲೂ ಎಲ್ರೂ ಹಂಗೇ ಅಂದ್ರು. ನಿಂಗೆ ಇದೆಲ್ಲಾ ಯಾಕಪ್ಪ, ಗೊತ್ತಾಗಲ್ಲ ಅಂತ ನನ್ನ ಮಗ್ಳು ಫೋನ್ ಕಿತ್ಕಂಡ್ಳು. ಆವತ್ತಿಂದ ನಾನು ಅದನ್ನ ಮುಟ್ಟಿಲ್ಲ."

ಅಷ್ಟು ಹೇಳಿ ಎದ್ದು ಹೋದರು. ಚಾ ಹಾಗೇ ಇತ್ತು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಸಭೆಗೆ ಇನ್ನು ಹದಿನಾರು ದಿನ ಇದೆ. ಮೊದಲ ಪುಟದಿಂದ ಹೊಸದುರ್ಗವನ್ನು ತೆಗೆ. ಇಲ್ಲವೇ ನಿಜವಾಗಿ ಏನಾಯಿತೋ ಅದನ್ನೇ ಬರಿ. ಆ ಸದಸ್ಯರು ಬರುವುದಾದರೆ ಬರಲಿ, ತೋರಣ ಇರುವುದಿಲ್ಲ, ಎಲ್ಲ ಬಿಚ್ಚಿ ತೋರಿಸುತ್ತೇನೆ.

ಮಮತಾ

*

ದೆಹಲಿ
೧೪ ಫೆಬ್ರುವರಿ ೨೦೨೫

ಮಮತಾ,

ಮೊದಲು ಬೈಗುಳ. ಆ ಜೆಸಿಬಿಯನ್ನು ನಾನು ಟಿಪ್ಪಣಿಯ ಅಡಿಯಲ್ಲಿ ಒಂದು ಸಾಲು ಬೇರೆ ಮಾಡಿದ್ದೆ ಕಣೇ, 'ರಸ್ತೆ ಅಗೆತದ ಅಡ್ಡಿಯ ನಡುವೆಯೂ' ಎಂದು! ಓದಿ ಅತ್ತೆ, ಆಮೇಲೆ ನಕ್ಕೆ, ಮತ್ತೆ ಅತ್ತೆ.

ಈಗ ನನ್ನ ತಪ್ಪು. ಸರ್ಕಾರದ ಅನೇಕ ತಾಣಗಳಿಗೆ ಹೊಸ ವಿಳಾಸ ಇಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಅಂಥ ತಾಣಗಳ ಪಟ್ಟಿಯೊಂದಿತ್ತು, ನಿನ್ನ ರಾಗಿ ತಾಣವೂ ಅದರಲ್ಲಿತ್ತು. ಆ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿ ಅಕ್ಟೋಬರಿನಿಂದ ಇತ್ತು. ಮೇಲಿನವರಿಗೆ ನೀವು ಮೊದಲು ಬದಲಾಗಿ ಎಂದು ಹೇಳುವುದಕ್ಕಿಂತ ಕೆಳಗಿನವರಿಗೆ ಗಡುವು ಕೊಡುವುದು ಸುಲಭ ಅನ್ನಿಸಿ ಅದನ್ನು ಟಿಪ್ಪಣಿಗೆ ಸೇರಿಸಲಿಲ್ಲ. ನಿನಗೂ ಹೇಳಲಿಲ್ಲ. ನವೆಂಬರಿನಲ್ಲಿ ಒಂದು ಸಾಲು ಬರೆದಿದ್ದರೆ ನೀನು ಹಳೆಯ ದಾರಿ ಕೀಳುತ್ತಿರಲಿಲ್ಲ, ಮೂರ್ತಪ್ಪನವರ ರಾಗಿ ಉಳಿಯುತ್ತಿತ್ತು. ಅವರಿಗೆ ಹೇಳು, ತಪ್ಪು ಒತ್ತಿದವಳು ದೆಹಲಿಯಲ್ಲೂ ಒಬ್ಬಳಿದ್ದಾಳೆ ಎಂದು.

ಹನ್ನೆರಡನೆಯ ತಾರೀಖು ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಚಾ ಹಾಗೇ ಇತ್ತು ಎಂಬ ಸಾಲನ್ನೂ ಬಿಡಲಿಲ್ಲ. ಆಮೇಲೆ ಡ್ರಾಯರಿನ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಇಷ್ಟು ದಿನ ಇದು ಎಲ್ಲಿತ್ತು ಎಂದು ಅಧ್ಯಕ್ಷರು ಕೇಳಿದರು. ನನ್ನ ಹತ್ತಿರ ಎಂದೆ. ಎಲ್ಲರ ಎದುರಿಗೆ ಸರಿಯಾಗಿ ಬೈಸಿಕೊಂಡೆ, ನಿನಗೆ ಸಿಗದ ಬೈಗುಳವೂ ನನಗೇ ಸಿಕ್ಕಿತು ಎಂದುಕೋ.

ಈಗ ಕೇಳು! ಗಡುವು ಬಿದ್ದಿದೆ, ಆದರೆ ನಿಮಗಲ್ಲ, ಸರ್ಕಾರದ ತಾಣಗಳಿಗೆ. ಜನ ಅರ್ಜಿ ಹಾಕುವ ತಾಣಗಳು ಮೊದಲು, ಅದರಲ್ಲೂ ರಾಗಿ ನೋಂದಣಿ ಮುಂದಿನ ಸುಗ್ಗಿಯೊಳಗೆ. ಕಚೇರಿಗಳು ಇನ್ನು ಮುಂದೆ ಕೊಳ್ಳುವ ಬಾಕ್ಸೆಲ್ಲ ಹೊಸ ವಿಳಾಸ ತಿಳಿದಂಥವೇ ಆಗಿರಬೇಕು. ನಿಮ್ಮಂಥವರು ಹೊಸದಾಗಿ ಕೊಡುವ ಸಂಪರ್ಕಕ್ಕೆ ಹೊಸ ವಿಳಾಸ, ಹಳೆಯ ಬಾಕ್ಸು ತಾನಾಗಿ ಕೆಡುವವರೆಗೆ ಎರಡೂ ಜೊತೆಗೆ ಇರಬಹುದು. ಚಿತ್ರದುರ್ಗದಲ್ಲಿ ಸಣ್ಣ ಕೇಬಲ್‌ನವರಿಗೆ ತರಬೇತಿ. ಬೇಡ ಎನ್ನುತ್ತಿದ್ದ ಇಬ್ಬರೇ ಮೊದಲು ಕೈ ಎತ್ತಿದರು. ನಿಮ್ಮಪ್ಪನ ಕಿವಿ ಗುರುತಿನ ಮಾತು ಕನ್ನಡದಲ್ಲೇ ಟಿಪ್ಪಣಿಯಲ್ಲಿದೆ, ಇಂಗ್ಲಿಷಿಗೆ ಬಗ್ಗಲಿಲ್ಲ.

ಊರಿನಲ್ಲಿ ಏನಂದರು? ಎಷ್ಟು ಮನೆ ಹೋದವು? ಮುಚ್ಚಿಡದೆ ಬರಿ.

ದೇವಿಕಾ

*

ಹೊಸದುರ್ಗ
೮ ಡಿಸೆಂಬರ್ ೨೦೨೫

ದೇವಿಕಾ,

ಫೋನಿನಲ್ಲಿ ಹೇಳಬಹುದಿತ್ತು, ಸಮಿತಿಯೂ ಮುಗಿಯಿತು. ಆದರೂ ಇದನ್ನು ಕಾಗದದಲ್ಲೇ ಬರೆಯಬೇಕೆನ್ನಿಸಿತು.

ಫೆಬ್ರುವರಿಯಲ್ಲಿ ಅಂಗಡಿ ಬಾಗಿಲಿಗೆ ನಡೆದದ್ದನ್ನೆಲ್ಲ ಬರೆದು ಅಂಟಿಸಿದೆ. ನಲವತ್ತು ಮನೆ ಹೋದವು ಎಂದು ನಿನಗೆ ಆಗಲೇ ಫೋನಿನಲ್ಲಿ ಹೇಳಿದ್ದೆ. ಅದರಲ್ಲಿ ಹನ್ನೆರಡು ವಾಪಸ್ಸು ಬಂದಿವೆ. ಹೊಸ ಸಂಪರ್ಕಕ್ಕೆಲ್ಲ ಹೊಸ ವಿಳಾಸ, ಹಳೆಯ ಬಾಕ್ಸು ಕೆಟ್ಟ ಕಡೆ ಹೊಸ ಬಾಕ್ಸು, ಎರಡು ದಾರಿಯೂ ಜೊತೆಗೆ. ನನ್ನ ಮಂದೆಯಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಹೊಸ ಗುರುತು. ಗುಡ್ಡದ ಹಿಂದಿನ ಹಳ್ಳಿಗೆ ನಾನೇ ಹೋಗಿ ಮೊದಲು ಹಾಕಿ ಬಂದೆ. ಮೂರ್ತಪ್ಪನವರು ಆವತ್ತು ಹೊಲದಿಂದ ಬರಲಿಲ್ಲ.

ಇವತ್ತು ರಾಗಿ ನೋಂದಣಿ ಶುರು, ಆ ತಾಣಕ್ಕೂ ಈಗ ಹೊಸ ವಿಳಾಸ ಇದೆ. ಬೆಳಗ್ಗೆ ಆರಕ್ಕೇ ಅಂಗಡಿ ತೆಗೆದು ಫೋನ್ ಚಾರ್ಜ್ ಮಾಡಿಟ್ಟು ಕೂತೆ, ಸಾಲು ಬಂದರೆ ಇರಲಿ ಎಂದು. ಎಂಟಾಯಿತು, ಒಂಬತ್ತಾಯಿತು. ಯಾರೂ ಬರಲಿಲ್ಲ. ಮತ್ತೆ ಎಲ್ಲ ನಿಂತಿದೆಯೇನೋ, ಬೈಯಲೂ ಬೇಡವೆಂದು ಜನ ಬಿಟ್ಟರೇನೋ ಎಂದು ನಾಲ್ಕು ಸಲ ಎದ್ದು ಹೋಗಿ ರಸ್ತೆ ನೋಡಿ ಬಂದೆ.

ಹತ್ತು ಗಂಟೆಗೆ ಮೂರ್ತಪ್ಪನವರು ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು, ರಸ್ತೆಯ ಆ ಕಡೆ ಈ ಕಡೆ ನೋಡಿದರು.

"ಯಾರೂ ಇಲ್ವಲ್ಲವ್ವ?"

"ನಿಮ್ದು ಆತಾ ಮೂರ್ತಣ್ಣ?" ಎಂದೆ.

ಅವರು ಜೇಬಿನಿಂದ ಫೋನ್ ತೆಗೆದು ತೋರಿಸಿದರು. ನೋಂದಣಿ ಸಂಖ್ಯೆ, ಅವರ ಹೆಸರು, ಮೂರು ಎಕರೆ. "ಮನೇಲೇ ಕುಂತು ಮಾಡ್ದೆ. ನನ್ನ ಮಗ್ಳು ಕೊಡಪ್ಪ ನಾನು ಒತ್ತೀನಿ ಅಂದ್ಳು. ಕೊಡಲಿಲ್ಲ. ನಾನೇ ಒತ್ತಿದೆ. ಆಮೇಲೆ ಅಕ್ಕಪಕ್ಕದ ಆರು ಮನೇವ್ರಿಗೂ ನಾನೇ ತೋರ್ಸಿಕೊಟ್ಟೆ. ಉಳಿದೋರೆಲ್ಲ ಎಲ್ಲವ್ರೆ?"

"ಎಲ್ರೂ ಅವರವರ ಮನೇಲೇ ಅವ್ರೆ ಮೂರ್ತಣ್ಣ," ಎಂದೆ. ಎಂದವಳೇ ಅತ್ತುಬಿಟ್ಟೆ ಕಣೇ, ಬೀದಿಗೆ ಕಾಣುವ ಹಾಗೆ, ನಾಚಿಕೆಯಿಲ್ಲದೆ.

ಅವರು ಟವೆಲಿನಿಂದ ಕುರ್ಚಿ ಒರೆಸಿಕೊಂಡು ನನ್ನೆದುರಿಗೆ ಕೂತರು.

"ಅಳದು ಆಮೇಲೆ ಇರ್ಲಿ," ಅಂದರು. "ಅವತ್ತು ಕುಡೀದೆ ಹೋದ್ನಲ್ಲ, ಆ ಚಾ ತರ್ಸವ್ವ."

ಮಮತಾ